ಹೊರಗುಳಿದ ಪಾದರಸ

ಸೆಡ್ರಿಕ್ ಓಲ್ಡ್‌ರಾಯ್ಡ್ ತೀರಿಕೊಂಡ ಸುದ್ದಿ ಬಂದದ್ದು ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ, ಹಬರ್ಟ್ ಕ್ರಾಸ್ಲಿ ಬೇಯಿಸಿದ ಮೊಟ್ಟೆಯ ನೆತ್ತಿಯನ್ನು ಚಮಚದಿಂದ ತಟ್ಟಿ ಒಡೆಯುತ್ತಿದ್ದಾಗ. ಹಜಾರದಲ್ಲಿ ಟೆಲಿಫೋನು ಎತ್ತಿಕೊಂಡವಳು ಹೆಂಡತಿ ವಿನಿ. ಅವಳು ‘ಅಯ್ಯೋ ಎನಿಡ್’ ಎಂದು, ಆಮೇಲೆ ಬಹಳ ಹೊತ್ತು ಏನೂ ಅನ್ನದೆ ಕೇಳಿಸಿಕೊಳ್ಳುತ್ತ ನಿಂತದ್ದೇ ಅವನಿಗೆ ಸಾಕಾಯಿತು. ಎನಿಡ್ ಸೆಡ್ರಿಕ್ಕನ ಹೆಂಡತಿ. ಮೊಟ್ಟೆ ಒಡೆದಷ್ಟಕ್ಕೇ ಉಳಿಯಿತು. ಮೊದಲು ಬಂದದ್ದು ದುಃಖವಲ್ಲ. ಎದೆಯ ಮೇಲಿಂದ ಯಾರೋ ಕೈ ತೆಗೆದಂತೆ ಒಂದು ಹಗುರ. ಆ ಮನುಷ್ಯ ಇನ್ನು ಎಂದೂ ಬಂದು ಕೇಳಲಾರ ಎಂಬ ಹಗುರ. ಅದು ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ಆದರೆ ಬಂದಿತ್ತು, ಬಂದದ್ದನ್ನು ಅವನು ಕಂಡಿದ್ದ. ಐವತ್ತು ವರ್ಷ ಗೆಳೆಯ ಎಂದು ಕರೆದವನ ಸಾವಿನ ಸುದ್ದಿಗೆ ತನ್ನ ಒಳಗಿನಿಂದ ಮೊದಲು ಎದ್ದುಬಂದು ಬಾಗಿಲು ತೆಗೆದದ್ದು ಇದು ಎಂದು ತಿಳಿದಾಗ, ಎಪ್ಪತ್ತೆರಡು ವರ್ಷದ ಆ ಮುದುಕನ ಕಿವಿಗಳು ಶಾಲೆಯ ಹುಡುಗನ ಕಿವಿಗಳಂತೆ ಬಿಸಿಯಾದವು.

ವಿನಿ ಬಂದು ಎದುರಿಗೆ ಕೂತಳು. “ಸೆಡ್ರಿಕ್ ಹೋಗಿಬಿಟ್ಟನಂತೆ. ನಿನ್ನೆ ಮಧ್ಯಾಹ್ನ, ಕುರ್ಚೀಲಿ ಕೂತ ಹಾಗೇ. ಎನಿಡ್ ಚಹಾ ತಂದಿಟ್ಟು, ಆರೋಗುತ್ತೆ ಕುಡಿ, ಅಂತ ಎರಡು ಸಲ ಅಂದಳಂತೆ. ಪಾಪ, ಎರಡನೇ ಸಲ ಸ್ವಲ್ಪ ಸಿಟ್ಟಲ್ಲೇ ಅಂದೆ ಅಂತ ಅಳ್ತಾಳೆ.”

ಅವನು ಏನೋ ಅಂದ. ಶುಕ್ರವಾರ ಅವರ ಊರಾದ ಹೆಕ್ಲಿಯ ಚಾಪೆಲ್ಲಿನಲ್ಲಿ ಪ್ರಾರ್ಥನೆ ಇಟ್ಟಿದ್ದಾರೆ, ಅಲ್ಲಿ ಅವನೂ ಮಾತನಾಡಬೇಕಂತೆ ಎಂದು ವಿನಿ ಹೇಳಿದಳು. ಅದು ಎನಿಡ್‌ಳ ಆಸೆಯಲ್ಲ. ಹೋದ ವರ್ಷ ಎದೆನೋವು ಬಂದಾಗಲೇ ಸೆಡ್ರಿಕ್ ಹೇಳಿಟ್ಟಿದ್ದನಂತೆ. “ಹಬರ್ಟ್ ಮಾತಾಡಲಿ, ಅವನು ಯಾವುದನ್ನೂ ಉಬ್ಬಿಸಿ ಹೇಳೋನಲ್ಲ, ಇದ್ದಷ್ಟೇ ಹೇಳ್ತಾನೆ, ಅಂದನಂತೆ. ಎಲ್ಲಿಗೆ ಹೊರಟೆ? ಮೊಟ್ಟೆ ತಿಂದುಕೊಂಡು ಹೋಗು ಪ್ರೊಫೆಸರ್ರೇ. ಸೆಡ್ರಿಕ್ ಇನ್ನೆಲ್ಲಿಗೂ ಹೋಗಲ್ಲ.”

ಇದ್ದಷ್ಟೇ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೂ ಆ ಮಾತು ಅವನ ಮಗ್ಗುಲಲ್ಲೇ ಬಂದು ಕೂತಿತ್ತು. ಬಸ್ಸು ನದಿಯ ಪಕ್ಕದ ರಸ್ತೆಗೆ ಇಳಿಯಿತು. ಈಗ ನದಿ ತಿಳಿಯಾಗಿ ಹರಿಯುತ್ತದೆ, ಬಣ್ಣದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅವನು ಹುಡುಗನಾಗಿದ್ದಾಗ ಸೋಮವಾರ ನೀಲಿ, ಮಂಗಳವಾರ ಕೆಂಪು. ಯಾವ ಬಣ್ಣದ ಬಟ್ಟೆ ಅದ್ದುತ್ತಿದ್ದಾರೆಂದು ಸೇತುವೆಯ ಮೇಲೆ ನಿಂತರೆ ತಿಳಿಯುತ್ತಿತ್ತು. ಅಪ್ಪನ ಉಗುರುಗಳ ಸಂದಿಯಲ್ಲಿ ಆ ಬಣ್ಣಗಳೆಲ್ಲ ಸೇರಿ ಕಪ್ಪಾಗಿ ಕೂತಿರುತ್ತಿದ್ದವು. ಭಾನುವಾರ ಚಾಪೆಲ್ಲಿನಲ್ಲಿ ಕೈ ಜೋಡಿಸುವಾಗ ಅಪ್ಪ ಬೆರಳುಗಳನ್ನು ಒಳಕ್ಕೆ ಮಡಚಿಕೊಳ್ಳುತ್ತಿದ್ದ. ಅಪ್ಪನ ಆ ನಾಚಿಕೆಯನ್ನು ಹಬರ್ಟ್ ಚಿಕ್ಕಂದಿನಲ್ಲೇ ನೋಡಿ ಕಲಿತ. ಅಪ್ಪ ಮುಚ್ಚಿಟ್ಟದ್ದು ಕೆಲಸ ಮಾಡಿದ ಕೈಯನ್ನು ಎಂಬುದು ಮಾತ್ರ ಅವನಿಗೆ ತಿಳಿದದ್ದು ಬಹಳ ತಡವಾಗಿ. ಮಗ ವಿದ್ಯಾರ್ಥಿವೇತನ ಗೆದ್ದು ವಿಶ್ವವಿದ್ಯಾಲಯಕ್ಕೆ ಹೊರಟ ದಿನ ಅಪ್ಪ ಅಂದದ್ದು ಒಂದೇ: “ಚೊಕ್ಕ ಕೆಲಸ ಕಣೋ ನಿಂದು. ಚೊಕ್ಕವಾಗಿ ಮಾಡು.” ಅವನು ಹಾಗೆಯೇ ಮಾಡಿದ. ರಸಾಯನಶಾಲೆಯಲ್ಲಿ ಅವನ ಮೇಜಿನಷ್ಟು ಒಪ್ಪವಾದ ಮೇಜು ಇನ್ನೊಂದಿರಲಿಲ್ಲ, ಅವನ ದಿನವಹಿಯಷ್ಟು ಶುದ್ಧವಾದ ಬರವಣಿಗೆ ಇನ್ನೊಬ್ಬರದಿರಲಿಲ್ಲ. ಪಕ್ಕದ ಮೇಜು ಸೆಡ್ರಿಕ್ಕನದು. ಅದರ ಮೇಲೆ ಕಂದು ಕಲೆ, ಸೇಬಿನ ದಿಂಡು, ಮುಂದಿನ ಭಾನುವಾರ ಮಾಡಬೇಕಾದ ಉಪದೇಶದ ಟಿಪ್ಪಣಿ. ಆ ವಯಸ್ಸಿಗೇ ಅವನು ಹಳ್ಳಿ ಚಾಪೆಲ್ಲುಗಳಿಗೆ ಸೈಕಲ್ಲಿನಲ್ಲಿ ಹೋಗಿ ಉಪದೇಶ ಮಾಡಿ ಬರುತ್ತಿದ್ದ.

ಬೆಟ್ಟದ ಬಯಲಿನಿಂದ ಹೆದರ್ ಗಿಡದ ಬೇರನ್ನು ಚೀಲಗಟ್ಟಲೆ ಅಗೆದು ತಂದವರು ಇಬ್ಬರೂ ಕೂಡಿಯೇ. ಗಾಳಿಗೆ ಎದುರಾಗಿ ನಡೆಯುತ್ತ ಸೆಡ್ರಿಕ್ ಕೀರ್ತನೆ ಹಾಡುತ್ತಿದ್ದ, ಸ್ವರ ತಪ್ಪಿದರೆ ಗಾಳಿಯ ಮೇಲೆ ಹೊರಿಸುತ್ತಿದ್ದ. ಬೇರಿನಲ್ಲಿದ್ದ ಕಹಿ ಪದಾರ್ಥವನ್ನು ಬೇರ್ಪಡಿಸುವುದು ಅವನ ಕೆಲಸ. ನಾಲ್ಕು ತಿಂಗಳು ಗಾಜಿನ ಬುರುಡೆಯ ತಳದಲ್ಲಿ ಉಳಿದದ್ದು ಬೆಲ್ಲದ ಪಾಕದಂಥ ಅಂಟು ಮಾತ್ರ. ಹರಳು ಕಟ್ಟಲು ಒಲ್ಲದ ಪದಾರ್ಥವನ್ನು ಪುಸಲಾಯಿಸಲು ರಸಾಯನದವರಿಗೆ ಒಂದು ಹಳೆಯ ಉಪಾಯವಿದೆ, ಗಾಜಿನ ಕಡ್ಡಿಯಿಂದ ಬುರುಡೆಯ ಒಳಗೋಡೆಯನ್ನು ಗೀರುವುದು. ಸೆಡ್ರಿಕ್ ಮಧ್ಯಾಹ್ನವೆಲ್ಲ ಗೀರುತ್ತಿದ್ದ. ಆ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಒಂದು ದಿನ ಸದ್ದು ನಿಂತಿತು. ಹಬರ್ಟ್ ತಲೆಯೆತ್ತಿ ನೋಡಿದರೆ ಸೆಡ್ರಿಕ್ ಬುರುಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದ. ಅದರೊಳಗೆ ಗೀರಿದ ಗೆರೆಯಗುಂಟ ಬಿಳಿಯ ಸೂಜಿಗಳು ಹುಟ್ಟಿ ಹರಡುತ್ತಿದ್ದವು. “ಹುಟ್ಟಿತು ಕಣೋ,” ಎಂದ ಸೆಡ್ರಿಕ್, ಮೆಲ್ಲಗೆ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿರುವಂತೆ. “ಎಂಥ ಮಗು ನೋಡು. ಅಪ್ಪನ ಹಾಗಿಲ್ಲ, ಚೊಕ್ಕವಾಗಿದೆ.”

ಆ ಹರಳು ಕರಗುವ ಬಿಂದು ನೂರ ಎಂಬತ್ತೇಳು ಡಿಗ್ರಿ ಎಂದು ಸೆಡ್ರಿಕ್ ಬರೆದ. ಹಿಂದೆ ಒಬ್ಬ ಜರ್ಮನ್ ಪಂಡಿತ ಅದೇ ಜಾತಿಯ ಗಿಡದಿಂದ ತೆಗೆದ ಪದಾರ್ಥ ನೂರ ಎಂಬತ್ತಮೂರಕ್ಕೆ ಕರಗುತ್ತಿತ್ತು. ಅಂದರೆ ಇದು ಬೇರೆ, ಹೊಸದು, ಯಾರೂ ಕಂಡಿಲ್ಲದ್ದು. ನಾಲ್ಕು ಡಿಗ್ರಿಯ ಮೇಲೆ ಎಲ್ಲವೂ ನಿಂತಿತ್ತು. ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಮಾಟ್ರಮ್ ಗಡ್ಡ ಕೆರೆದುಕೊಂಡು, ಕ್ರಾಸ್ಲಿ ಒಮ್ಮೆ ನೋಡಲಿ, ಅವನ ಕೈ ಶುದ್ಧ, ಎಂದರು. ಆ ವರ್ಷ ಇದ್ದದ್ದು ಒಂದೇ ಉಪನ್ಯಾಸಕನ ಹುದ್ದೆ. ಅದಕ್ಕೆ ಕಾದಿದ್ದವರು ಅವರಿಬ್ಬರೇ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸೆಡ್ರಿಕ್ ತನ್ನ ಹರಳುಗಳನ್ನು ಒಂದು ಪುಟ್ಟ ಗಾಜಿನ ಕೊಳವೆಗೆ ಹಾಕಿ, ಬಿರಡೆ ಹಾಕಿ, ಹೆಸರಿನ ಚೀಟಿ ಅಂಟಿಸಿ ಹಬರ್ಟನ ಅಂಗೈಯಲ್ಲಿ ಇಟ್ಟಿದ್ದ. ಮುಂದಿನ ನಿಲ್ದಾಣ ವಿಶ್ವವಿದ್ಯಾಲಯ ಎಂದು ಕಂಡಕ್ಟರ್ ಕೂಗಿದ. ಹಬರ್ಟ್ ತನ್ನ ಅಂಗೈಯನ್ನು ನೋಡಿಕೊಳ್ಳುತ್ತಿದ್ದವನು ಎದ್ದು, ಕೋಲನ್ನು ಸೀಟಿನಲ್ಲೇ ಮರೆತು, ಮತ್ತೆ ಹತ್ತಿ ತೆಗೆದುಕೊಂಡು ಇಳಿದ.

ಅವನ ಕೋಣೆ ಈಗ ಅವನೊಬ್ಬನದಲ್ಲ. ನಿವೃತ್ತನಾದವನು ಎಂದು ಒಂದು ಮೂಲೆ, ಒಂದು ಮೇಜು ಬಿಟ್ಟುಕೊಟ್ಟಿದ್ದಾರೆ. ಗೋಡೆಯ ಮೇಲೆ ಅವನ ಚಿತ್ರಪಟ ಮಾತ್ರ ಹಾಗೇ ಇದೆ, ಕಡುಗೆಂಪು ನಿಲುವಂಗಿ ತೊಟ್ಟದ್ದು. ಅದನ್ನು ಬರೆದ ಚಿತ್ರಗಾರ ಕೈಯಲ್ಲಿ ಏನಾದರೂ ಹಿಡಿದುಕೊಳ್ಳಿ ಎಂದಾಗ ಹಬರ್ಟ್ ತನ್ನದೇ ಪುಸ್ತಕವನ್ನು ಹಿಡಿದಿದ್ದ. ಪದಾರ್ಥಗಳ ಶುದ್ಧತೆಯನ್ನು ಪರೀಕ್ಷಿಸುವ ಕ್ರಮಗಳ ಮೇಲೆ ಅವನು ಬರೆದ ಪುಸ್ತಕ. ಮೂವತ್ತು ವರ್ಷ ಎಲ್ಲ ಊರಿನ ವಿದ್ಯಾರ್ಥಿಗಳೂ ಓದಿದರು. ಅದರ ಮೂರನೆಯ ಅಧ್ಯಾಯ ಕರಗುವ ಬಿಂದುವಿನ ಮೇಲೆ. ಕಾದ ಎಣ್ಣೆಯಲ್ಲಿ ಥರ್ಮಾಮೀಟರಿನ ಬುಡ ಮಾತ್ರ ಮುಳುಗಿರುತ್ತದೆ, ಪಾದರಸದ ಎಳೆ ಮೇಲೆ ಹೊರಗೆ ತಣ್ಣಗಿನ ಗಾಳಿಯಲ್ಲಿ ಉಳಿದಿರುತ್ತದೆ; ಹಾಗೆ ಹೊರಗುಳಿದ ಪಾದರಸದಿಂದಾಗಿ ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ತೋರುತ್ತದೆ; ಎಷ್ಟು ಕಡಿಮೆ ಎಂಬುದನ್ನು ಎರಡು ಸಾಲಿನ ಲೆಕ್ಕದಿಂದ ಕಂಡುಕೊಂಡು ಕೂಡಿಸಿದ ಮೇಲೆಯೇ ಅಂಕಿಯ ಪಕ್ಕ ‘ತಿದ್ದಿದ್ದು’ ಎಂದು ಬರೆಯಬೇಕು, ಎಂದು ಅದರಲ್ಲಿದೆ. ಪುಸ್ತಕ ಬಂದ ವರ್ಷ ಸೆಡ್ರಿಕ್ ಕಾಗದ ಬರೆದಿದ್ದ. ಮೂರನೆಯ ಅಧ್ಯಾಯ ಬಹಳ ಚೆನ್ನಾಗಿದೆ, ನನ್ನ ಹುಡುಗರಿಂದ ಪ್ರತಿ ವರ್ಷ ಅದನ್ನು ನಕಲು ಮಾಡಿಸುತ್ತೇನೆ, ಎಂದು. ಆ ಮೇಲೆ ಹಬರ್ಟ್ ತನ್ನ ಪುಸ್ತಕದ ಆ ಪುಟಗಳನ್ನು ತೆರೆಯಲಿಲ್ಲ. ಮುಂದಿನ ಮುದ್ರಣಗಳಿಗೆ ಕರಡು ತಿದ್ದುವಾಗಲೂ ಎರಡರಿಂದ ನಾಲ್ಕಕ್ಕೆ ಹಾರುತ್ತಿದ್ದ.

ಕೆಳಗಿನ ಖಾನೆಯ ಹಿಂಬದಿಯಲ್ಲಿ ದಿನವಹಿ ಇತ್ತು, ಹತ್ತಿಯಲ್ಲಿ ಸುತ್ತಿದ ಎರಡು ಕೊಳವೆಗಳೂ ಇದ್ದವು. ಅವನು ಪುಟ ತೆರೆದ. ಮೂವತ್ತೆಂಟನೆಯ ಇಸವಿಯ ಮೇ ತಿಂಗಳ ಶನಿವಾರ. ತನ್ನದೇ ಇಪ್ಪತ್ತನಾಲ್ಕು ವರ್ಷದ ಕೈಬರಹ, ನೆಟ್ಟಗೆ, ಒಂದು ಕಾಟೂ ಇಲ್ಲದೆ. ನೂರ ಎಂಬತ್ತಮೂರು. ಅದರ ಮುಂದೆ ‘ತಿದ್ದಿದ್ದು’ ಎಂಬುದಕ್ಕೆ ರಸಾಯನದವರು ಬಳಸುವ ಸಂಕ್ಷೇಪ, ನಾಲ್ಕು ಅಕ್ಷರ, ಒಂದು ಚುಕ್ಕೆ. ಆ ದಿನ ವಿನಿಯ ಚಾಪೆಲ್ಲಿನಲ್ಲಿ ವಾರ್ಷಿಕದ ಚಹಾಕೂಟ, ಐದು ಗಂಟೆಗೆ. ಅವಳ ತಂದೆ ಇವನನ್ನು ಮೊದಲ ಸಲ ನೋಡುವವರಿದ್ದರು. ನಾಲ್ಕೂ ಕಾಲಿನ ಟ್ರಾಮು ತಪ್ಪಿದರೆ ಇನ್ನೊಂದಕ್ಕೆ ಅರ್ಧ ಗಂಟೆ. ಅವನು ಅಂಕಿ ಓದಿದ, ಬರೆದ; ಲೆಕ್ಕ ಮಾಡಲು ಮೂರು ನಿಮಿಷ ಬೇಕಿತ್ತು, ಸೋಮವಾರ ಮಾಡಿದರಾಯಿತು ಎಂದುಕೊಂಡ; ಆದರೆ ಕೈ ಅಭ್ಯಾಸದಿಂದ ತಾನೇ ಮುಂದೆ ಸರಿದು ಆ ನಾಲ್ಕು ಅಕ್ಷರವನ್ನೂ ಚುಕ್ಕೆಯನ್ನೂ ಇಟ್ಟಿತು. ಟ್ರಾಮಿನಲ್ಲಿ ಮೂರನೆಯ ನಿಲ್ದಾಣದ ಹೊತ್ತಿಗೆ ಅವನಿಗೆ ನೆನಪಾಯಿತು. ಅಲ್ಲಿಯವರೆಗೆ ಅದು ಕೈಯ ತಪ್ಪು. ಇಳಿದು ಹಿಂದಿರುಗಬಹುದಿತ್ತು. ಅವನು ಟೋಪಿಯನ್ನು ಸರಿಮಾಡಿಕೊಂಡು ಕೂತೇ ಇದ್ದ.

ಸೋಮವಾರ ಅವನು ಹೋಗುವಷ್ಟರಲ್ಲಿ ಮಾಟ್ರಮ್ ದಿನವಹಿಯನ್ನು ನೋಡಿಯಾಗಿತ್ತು. ಎಲ್ಲರ ಮುಂದೆ, ನಗುತ್ತಲೇ ಅಂದರು: “ಇದು ಜರ್ಮನ್ನರ ಪದಾರ್ಥವೇ ಕಣಯ್ಯ ಓಲ್ಡ್‌ರಾಯ್ಡ್. ಮೇಲಿನ ನಾಲ್ಕು ಡಿಗ್ರಿ ನಿನ್ನ ಆಸೆಯ ಕಾವು.” ರಸಾಯನಶಾಲೆಯವರೆಲ್ಲ ನಕ್ಕರು. ಹಬರ್ಟನೂ ನಕ್ಕ. ಆಮೇಲೆ ಎಷ್ಟೋ ವಿಷಯಗಳನ್ನು ಅವನು ತನಗೆ ತಾನೇ ವಿವರಿಸಿಕೊಂಡು ಸಮಾಧಾನ ಮಾಡಿಕೊಂಡಿದ್ದಾನೆ, ಆ ನಗುವನ್ನು ಮಾತ್ರ ಆಗಿಲ್ಲ. ಸಂಜೆ ಮೆಟ್ಟಿಲ ಮೇಲೆ ಸೆಡ್ರಿಕ್ ಅವನಿಗಾಗಿ ಕಾದಿದ್ದ. “ತಿದ್ದೋ ಲೆಕ್ಕಾನ ನಾನೇ ಎರಡು ಸಲ ಕೂಡಿಸಿರಬೇಕು ಹಬರ್ಟ್. ಲೆಕ್ಕ ಮಾಡಿದ ಚೀಟೀನ ಒಲೆಗೆ ಹಾಕಿಬಿಟ್ಟೆ ನೋಡು, ನನ್ನ ಗೊತ್ತಲ್ಲ ನಿಂಗೆ. ನೀನು ಬರೆದಿದ್ದೀಯ ಅಂದ ಮೇಲೆ ಮುಗೀತು ಬಿಡು.” ಅಷ್ಟು ಹೇಳಿಯೂ ಅವನು ಹೋಗಲಿಲ್ಲ, ಒಂದು ಮೆಟ್ಟಿಲು ಕೆಳಗೆ ನಿಂತು ಮುಖವೆತ್ತಿ ನೋಡುತ್ತಿದ್ದ. ಹಬರ್ಟ್ ಅಂದ: “ಬೇಜಾರು ಮಾಡ್ಕೋಬೇಡ.” ಸೆಡ್ರಿಕ್ ಬೇಸಿಗೆ ಮುಗಿಯುವ ಮುಂಚೆ ಹೆಕ್ಲಿಯ ಗ್ರಾಮರ್ ಸ್ಕೂಲಿಗೆ ಮೇಷ್ಟ್ರಾಗಿ ಹೋದ, ಅಲ್ಲೇ ಇದ್ದ. ಹಬರ್ಟ್ ಉಪನ್ಯಾಸಕನಾದ, ಯುದ್ಧದ ವರ್ಷಗಳಲ್ಲಿ ಸಿಡಿಮದ್ದಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದ, ಮಾಟ್ರಮ್ ತೀರಿದ ಮೇಲೆ ಆ ಪೀಠಕ್ಕೇ ಏರಿದ, ಲಂಡನ್ನಿನ ಪಂಡಿತರ ಸಭೆಗೆ ಆರಿಸಿ ಬಂದ. ಪ್ರತಿ ಸಲವೂ ಸೆಡ್ರಿಕ್ಕನಿಂದ ಅಭಿನಂದನೆಯ ಕಾಗದ ಬಂತು. ಪ್ರತಿ ಕಾಗದವನ್ನೂ ಅವನು ಮೊದಲು ಕೊನೆಯ ಸಾಲಿನಿಂದ ಓದುತ್ತಿದ್ದ, ಅಲ್ಲಿ ಏನಾದರೂ ಇದೆಯೋ ಎಂದು. ಎಂದೂ ಇರಲಿಲ್ಲ, ಎನಿಡ್‌ಳ ನಮಸ್ಕಾರ ಮಾತ್ರ ಇರುತ್ತಿತ್ತು.

ಎರಡನೆಯ ಕೊಳವೆ ವಿಭಾಗದ ವಿಳಾಸಕ್ಕೆ ಬಂದದ್ದು ನಲವತ್ತೇಳರಲ್ಲಿ. ಜರ್ಮನ್ ಪಂಡಿತನಿಗೆ ನಿಮ್ಮ ಪದಾರ್ಥದ ಒಂದಿಷ್ಟು ಕಳಿಸಿ ಎಂದು ಸೆಡ್ರಿಕ್ ಎಂದೋ ಬರೆದಿದ್ದನಂತೆ. ಯುದ್ಧ ಮುಗಿದು, ಮನೆಯ ಅರ್ಧ ಬಿದ್ದುಹೋಗಿ, ಆ ಮುದುಕ ಉಳಿದ ಅರ್ಧದಲ್ಲಿ ಹುಡುಕಿ ಕಳಿಸಿದ್ದ; ಜೊತೆಗಿದ್ದ ಚೀಟಿಯಲ್ಲಿ ಒಂಬತ್ತು ವರ್ಷ ತಡವಾದುದಕ್ಕೆ ಕ್ಷಮೆ ಕೇಳಿದ್ದ. ಹಬರ್ಟ್ ಬಾಗಿಲು ಹಾಕಿಕೊಂಡು ಎರಡು ಹರಳನ್ನೂ ಸಮಸಮ ಅರೆದು ಬೆರೆಸಿ ಕರಗಿಸಿದ. ಒಂದೇ ಪದಾರ್ಥವಾಗಿದ್ದರೆ ಅಂಕಿ ಕದಲುವುದಿಲ್ಲ. ಬೇರೆ ಬೇರೆಯಾದರೆ ಕುಸಿಯುತ್ತದೆ. ನೂರ ಐವತ್ತೆಂಟಕ್ಕೇ ಬೆವರಿ, ಕುಸಿದು, ನೀರಾಯಿತು. ಅವನು ಬೆಂಕಿ ಆರಿಸಿ ಎರಡೂ ಕೊಳವೆಗಳನ್ನು ಹತ್ತಿಯಲ್ಲಿ ಸುತ್ತಿ ಖಾನೆಗೆ ಹಾಕಿದ. ಹತ್ತಿಯಲ್ಲಿ ಸುತ್ತಿದ್ದೇಕೆ? ಒಡೆಯದಿರಲಿ ಎಂದು. ಅದನ್ನು ನೆನೆದರೆ ಈಗಲೂ ಆಶ್ಚರ್ಯ: ನಾಶ ಮಾಡಲೂ ಧೈರ್ಯವಿಲ್ಲ, ಹೇಳಲೂ ಇಲ್ಲ.

ಇಂದು ಅವನು ಪೆನ್ಸಿಲು ತೆಗೆದುಕೊಂಡು ದಿನವಹಿಯ ಅಂಚಿನಲ್ಲಿ ಆ ಎರಡು ಸಾಲಿನ ಲೆಕ್ಕವನ್ನು ಮಾಡಿದ. ಹೊರಗುಳಿದ ಎಳೆ ಎಷ್ಟು, ಗಾಳಿಯ ಬಿಸಿ ಎಷ್ಟು. ಮೂರು ನಿಮಿಷವೂ ಹಿಡಿಯಲಿಲ್ಲ. ಮೂರು ಮುಕ್ಕಾಲು ಡಿಗ್ರಿಯ ಮೇಲೆ ಸ್ವಲ್ಪ, ನಾಲ್ಕು ಅನ್ನಬಹುದು. ಆಮೇಲೆ ಸೆಡ್ರಿಕ್ಕನ ಕೊಳವೆಯನ್ನು ಹಿಡಿದು ಪ್ರಯೋಗಶಾಲೆಗೆ ಇಳಿದು ಹೋದ. ಅಲ್ಲಿನ ಮೇಲ್ವಿಚಾರಕಿ ಮಿಸ್ ಪ್ರಾಕ್ಟರ್ ಅವನನ್ನು ಕಂಡವಳೇ, “ಏನ್ ಪ್ರೊಫೆಸರ್, ಎಣ್ಣೆ ಬಟ್ಟಲು ಹುಡುಕಿಕೊಂಡು ಬಂದ್ರಾ? ಅದನ್ನ ಮ್ಯೂಸಿಯಮ್ಮಿಗೆ ಕೊಟ್ಟಾಯ್ತು. ನಿಮ್ಮನ್ನೂ ಕೇಳಿದ್ರು, ಕೊಡಲ್ಲ ಅಂದೆ,” ಎಂದಳು. ಅವನು ಕೊಳವೆ ಕೊಟ್ಟ. ಅವಳು ಒಂದು ಚಿಟಿಕೆಯನ್ನು ಕೂದಲೆಳೆಯಂಥ ನಳಿಗೆಗೆ ತುಂಬಿ ಪೆಟ್ಟಿಗೆಯಂಥ ಯಂತ್ರದೊಳಗೆ ಇಳಿಸಿ ಗುಂಡಿ ಒತ್ತಿದಳು. ಹಸಿರು ಅಂಕಿಗಳು ಏರಿದವು. ನೂರ ಎಂಬತ್ತಮೂರು ಬಂತು, ಹರಳು ಕದಲಲಿಲ್ಲ. ಎಂಬತ್ತನಾಲ್ಕು. ಎಂಬತ್ತೈದು. ಅವನು ಮೇಜಿನ ಅಂಚನ್ನು ಹಿಡಿದುಕೊಂಡ.

“ನೂರ ಎಂಬತ್ತಾರು ಪಾಯಿಂಟ್ ಒಂಬತ್ತು,” ಎಂದಳು ಪ್ರಾಕ್ಟರ್. “ಎಷ್ಟು ಚೊಕ್ಕವಾಗಿ ಕರಗಿತು. ಯಾರದ್ದಿದು?”

“ಇದಕ್ಕೆ ಏನಾದರೂ ಕೂಡಿಸಬೇಕಾ?”

“ಏನೂ ಬೇಡ. ಇದು ತಾನೇ ತಿದ್ದಿಕೊಳ್ಳುತ್ತೆ ಪ್ರೊಫೆಸರ್.” ಅವಳು ಚೀಟಿಯನ್ನು ಬೆಳಕಿಗೆ ಹಿಡಿದಳು. “ಓಲ್ಡ್‌ರಾಯ್ಡ್. ನಮ್ಮಲ್ಲಿದ್ದೋರಾ?”

“ಇರಬೇಕಾಗಿತ್ತು,” ಎಂದ ಹಬರ್ಟ್.

ಬುಧವಾರ, ಗುರುವಾರ ಅವನು ಬರೆದ, ಹರಿದ. ಸೆಡ್ರಿಕ್ಕನ ಸರಳತೆ ಎಂದು ಬರೆದರೆ ಆ ಸರಳತೆಯಿಂದ ಲಾಭ ಪಡೆದವನು ತಾನು. ಸಂತೃಪ್ತ ಜೀವನ ಎಂದು ಬರೆದರೆ ತನ್ನ ಪಾಪವನ್ನು ತಾನೇ ಬಣ್ಣದಲ್ಲಿ ಅದ್ದಿದಂತೆ. ಕೊನೆಗೆ ಇದ್ದಷ್ಟೇ ಬರೆದ. ಬರೆಯುವಾಗ ಕೈ ತನಗೆ ಗೊತ್ತಿದ್ದ ಭಾಷೆಯನ್ನೇ ಹಿಡಿಯಿತು: ಪರಿಶೀಲನೆಯ ಅಂಕಿಗೆ ಹೊರಗುಳಿದ ಎಳೆಯ ತಿದ್ದುವಿಕೆ ಸೇರಿರಲಿಲ್ಲ, ಆದ್ದರಿಂದ ಎರಡು ಪದಾರ್ಥಗಳೂ ಒಂದೇ ಎಂಬ ನಿರ್ಣಯ ನಿಲ್ಲುವುದಿಲ್ಲ. ವಿನಿ ಇಸಿದುಕೊಂಡು ಓದಿ, ಇದು ಸಾವಿಗೆ ಬಂದವರಿಗೋ ಪರೀಕ್ಷೆಗೆ ಕೂತವರಿಗೋ ಎಂದು ಕೇಳಿದಳು. ಅವನು ಆ ಶನಿವಾರದ ಚಹಾಕೂಟವನ್ನು ನೆನಪಿಸಿದ. ತಾನು ಟ್ರಾಮಿಗೆ ಓಡಿಬಂದದ್ದನ್ನು ಹೇಳಿದ. ಅದರಾಚೆಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ನಕ್ಕಳು. “ಎಲ್ಲಿ ಓಡಿಬಂದೆ? ದಾರಿ ತಪ್ಪಿ ಬೇರೆ ಚಾಪೆಲ್ಲಿಗೆ ಹೋಗಿದ್ದೆ. ನೀನು ಬರೋ ಹೊತ್ತಿಗೆ ಕೇಕೆಲ್ಲ ಮುಗಿದು ಅಪ್ಪ ಟೋಪಿ ಹಾಕಿಕೊಂಡಾಗಿತ್ತು.” ಅದನ್ನು ಅವನು ಪೂರ್ತಿ ಮರೆತಿದ್ದ. ಅಷ್ಟಕ್ಕೂ ಅವನು ಹೊತ್ತಿಗೆ ಸರಿಯಾಗಿ ತಲುಪಿರಲೇ ಇಲ್ಲ.

ಶುಕ್ರವಾರ ಹೆಕ್ಲಿಯ ಚಾಪೆಲ್ಲು ತುಂಬಿ ಮೇಲಿನ ಅಟ್ಟದಲ್ಲೂ ಜನ ನಿಂತಿದ್ದರು. ಅಷ್ಟು ಜನರನ್ನು ಹಬರ್ಟ್ ನಿರೀಕ್ಷಿಸಿರಲಿಲ್ಲ. ತನ್ನ ಸಾವಿಗೆ ಇಷ್ಟು ಜನ ಬರಲಾರರು ಎಂಬ ಯೋಚನೆ ಬಂದು, ಅದಕ್ಕೂ ನಾಚಿದ. ಮೊದಲು ಮಾತನಾಡಿದವನು ಗಾರ್ಸೈಡ್ ಎಂಬ ಹಳೆಯ ವಿದ್ಯಾರ್ಥಿ. ಈಗ ಐವತ್ತು ದಾಟಿದ ಭಾರಿ ಆಳು, ಕೆಳಗಿನ ಪೇಟೆಯಲ್ಲಿ ಬೇಕರಿ ನಡೆಸುತ್ತಾನೆ. ಉಪದೇಶಪೀಠದ ಬಳಿ ನಿಂತು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

“ನಾವು ಹುಡುಗರು ಮೇಷ್ಟ್ರಿಗೆ ನಾಲ್ಕು ಡಿಗ್ರಿ ಅಂತ ಹೆಸರಿಟ್ಟಿದ್ವಿ. ಅವರಿಗೂ ಗೊತ್ತಿತ್ತು. ಯಾರಾದ್ರೂ ಲೆಕ್ಕ ಮಾಡದೆ ‘ತಿದ್ದಿದ್ದು’ ಅಂತ ಬರೆದರೆ ನಾಲ್ಕು ಮಾರ್ಕು ಕಿತ್ತುಬಿಡೋರು. ಒಂದು ದಿನ ನಾನು ಕೇಳೇಬಿಟ್ಟೆ, ಅದೇನ್ ಸಾರ್ ನಾಲ್ಕು, ಅಂತ. ಅವರಂದ್ರು, ಗಾರ್ಸೈಡ್, ನಿನ್ನ ವಯಸ್ಸಿಗಿಂತ ಸ್ವಲ್ಪ ಹೆಚ್ಚಿದ್ದಾಗ ನಾನು ನಾಲ್ಕು ಡಿಗ್ರಿ ತಪ್ಪು ಮಾಡಿದೆ, ನನ್ನ ಗೆಳೆಯನೊಬ್ಬ ಅದನ್ನ ಹಿಡಿದು ನನ್ನ ಉಳಿಸಿದ. ಇಲ್ಲದಿದ್ರೆ ಸುಳ್ಳನ್ನ ಅಚ್ಚು ಹಾಕಿಸಿರ್ತಿದ್ದೆ, ಅಂದ್ರು.” ಗಾರ್ಸೈಡ್ ಹಬರ್ಟನತ್ತ ತಿರುಗಿ ತಲೆ ಬಾಗಿಸಿದ. “ಆ ಗೆಳೆಯ ಇಲ್ಲೇ ಕೂತಿದ್ದಾರೆ. ಈಗ್ಲೂ ನಾನು ಒಲೆ ಕಾವು ಎರಡು ಸಲ ನೋಡದೆ ರೊಟ್ಟಿ ಇಡಲ್ಲ.” ಜನ ಮೆಲ್ಲಗೆ ನಕ್ಕರು, ಕಣ್ಣೊರಸಿಕೊಂಡರು. ಹಲವರು ಹಬರ್ಟನ ಕಡೆ ಪ್ರೀತಿಯಿಂದ ನೋಡಿದರು. ವಿನಿ ಅವನ ಮೊಣಕೈ ಒತ್ತಿದಳು.

ಅವನು ಎದ್ದು ಹೋಗಿ ಬರೆದು ತಂದದ್ದನ್ನು ಓದಿದ. ಎಳೆ, ಅಂಕಿ, ನಿರ್ಣಯ, ನಿಲ್ಲುವುದಿಲ್ಲ. ಒಂದೂ ಶಬ್ದ ಬಿಡದೆ ಓದಿದ. ತಪ್ಪು ನನ್ನದು ಎಂಬ ಮಾತೂ ಅದರಲ್ಲಿತ್ತು. ಜನ ತಾಳ್ಮೆಯಿಂದ ಕೇಳಿದರು, ದೊಡ್ಡ ವಿದ್ವಾಂಸ ತಮ್ಮ ಊರಿನ ಮೇಷ್ಟ್ರ ವಿಷಯದಲ್ಲಿ ಇಷ್ಟು ಕಷ್ಟದ ಮಾತುಗಳನ್ನಾಡುವುದೇ ಗೌರವವೆಂಬಂತೆ ತಲೆದೂಗಿದರು. ಮುಂದಿನ ಸಾಲಿನ ಒಬ್ಬ ಮುದುಕಿ ಮಿಠಾಯಿಯ ಕಾಗದವನ್ನು ಸದ್ದಾಗದಂತೆ ಬಿಚ್ಚುತ್ತಿದ್ದಳು. ಕೆಳಗಿಳಿದಾಗ ಪಾದ್ರಿಗಳು ಕೈಹಿಡಿದು, ಎಂಥ ವಿನಯ, ಎಂದರು. ಅವನಿಗೆ ಗೊತ್ತಾಯಿತು: ತಾನು ಪಾಪ ನಿವೇದನೆಯನ್ನೂ ಬಾಗಿಲು ಹಾಕಿಕೊಂಡೇ ಮಾಡಿದ್ದ.

ಮಣ್ಣು ಮಾಡಿ ಬಂದ ಮೇಲೆ ಹಿಂದಿನ ಹಜಾರದಲ್ಲಿ ಊಟ. ಹ್ಯಾಮು ಎಂಬ ಉಪ್ಪುಹಾಕಿದ ಹಂದಿಮಾಂಸದ ಹೋಳು, ಸಾಸಿವೆ, ಹಣ್ಣಿನ ಕೇಕಿನ ಜೊತೆ ಚೀಸು, ದೊಡ್ಡ ಹಂಡೆಯಲ್ಲಿ ಚಹಾ. ಹ್ಯಾಮು ಚೆನ್ನಾಗಿದ್ದುದರಿಂದ ಎನಿಡ್ ಸಾವಿನ ಕಾರ್ಯವನ್ನು ಸರಿಯಾಗಿ ಮಾಡಿದಳು ಎಂದು ಹೆಂಗಸರು ಮೆಚ್ಚಿಕೊಳ್ಳುತ್ತಿದ್ದರು. ಎನಿಡ್ ಹಜಾರದಲ್ಲಿರಲಿಲ್ಲ. ಅಡುಗೆಕೋಣೆಯಲ್ಲಿ, ಕೂತುಕೋ ಎಂದವರನ್ನೆಲ್ಲ ಹೊರಗೆ ಕಳಿಸಿ, ಕರಿ ಉಡುಪಿನ ತೋಳು ಮಡಚಿಕೊಂಡು ಬಟ್ಟಲು ತೊಳೆಯುತ್ತಿದ್ದಳು. ಹಬರ್ಟನನ್ನು ಕಂಡು, “ಅವನ ಕೆಲಸದ ವಿಷಯ ಹೇಳಿದ್ದು ಒಳ್ಳೇದಾಯ್ತು. ನನಗೆ ಒಂದೂ ಅರ್ಥವಾಗಲಿಲ್ಲ. ಅವನಿದ್ದಿದ್ರೆ ಖುಷಿಪಡೋನು,” ಎಂದಳು.

“ಅರ್ಥವಾಗದ ಹಾಗೆ ಹೇಳಿದೆ ಎನಿಡ್.” ಅವನು ಬಾಗಿಲನ್ನು ತೆರೆದೇ ಬಿಟ್ಟ. “ತಪ್ಪು ಮಾಡಿದ್ದು ಸೆಡ್ರಿಕ್ ಅಲ್ಲ. ಅವನ ಅಂಕಿ ಸರಿಯಾಗಿತ್ತು. ನಾನು ಲೆಕ್ಕ ಮಾಡದೆ, ಮಾಡಿದೆ ಅಂತ ಬರೆದೆ. ಎರಡು ದಿನದಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. ಆ ಕೆಲಸ ಅವನಿಗೆ ಸಿಗಬೇಕಾಗಿತ್ತು. ಒಂಬತ್ತು ವರ್ಷ ಆದ ಮೇಲೆ ನನಗೆ ಖಚಿತವಾಗೇ ಗೊತ್ತಾಯ್ತು. ಆಗಲೂ ಹೇಳಲಿಲ್ಲ.”

ನಲ್ಲಿಯ ನೀರು ಹರಿಯುತ್ತಿತ್ತು. ಅವಳು ಅದನ್ನು ನಿಲ್ಲಿಸಿದಳು. ಅವಳು ಕೂಗಾಡಬಹುದು, ಅಳಬಹುದು, ಅಥವಾ ಸೆಡ್ರಿಕ್ಕನಿಗೆ ಮೊದಲೇ ಗೊತ್ತಿತ್ತು ಎನ್ನಬಹುದು; ಹಾಗೆ ಅನ್ನಲಿ ಎಂಬ ಆಸೆ ಹಬರ್ಟನಲ್ಲಿ ನಿಜವಾಗಿ ಇತ್ತು. ಅವಳು ತನ್ನ ಒದ್ದೆ ಕೈಗಳನ್ನೇ ನೋಡುತ್ತಿದ್ದಳು.

“ನಮ್ಮ ರೂತ್ ಚಿಕ್ಕವಳಾಗಿದ್ದಾಗ,” ಎಂದಳು ಕೊನೆಗೆ, “ಜ್ವರ ಬಂದರೆ ಥರ್ಮಾಮೀಟರನ್ನ ನನ್ನ ಕೈಗೆ ಕೊಡೋನು. ನೀನು ಓದು, ನನ್ನ ಕಣ್ಣು ಹೆಚ್ಚು ಓದಿಬಿಡುತ್ತೆ, ಅನ್ನೋನು. ರಸಾಯನದ ಮೇಷ್ಟ್ರು ಮಗಳ ಜ್ವರ ಓದಲಾರ ಅಂತ ನಾನು ಎಲ್ಲರಿಗೂ ಹೇಳಿಕೊಂಡು ನಗ್ತಿದ್ದೆ. ತಮಾಷೆಗೆ ಅನ್ಕೊಂಡಿದ್ದೆ ಹಬರ್ಟ್.”

ಅವಳು ಒದ್ದೆ ಕೈಗಳನ್ನು ಉಡುಪಿಗೇ ಒರಸಿಕೊಂಡಳು.

“ಸೋಮವಾರದವರೆಗೂ ಇದ್ದನಲ್ಲ,” ಎಂದಳು. “ಆರು ಮೈಲಿ. ಗಂಟೆಗೊಂದು ಬಸ್ಸಿದೆ. ನನಗೆ ಹೇಳಿದರೆ ನಾನು ಇದನ್ನ ಎಲ್ಲಿಡಲಿ?”

ಸೆಡ್ರಿಕ್ಕನ ಹೆಸರಿನಲ್ಲೇ ಪತ್ರಿಕೆಗೆ ಬರೆದು ಕಳಿಸುತ್ತೇನೆ, ಅವನ ಅಂಕಿ, ಅವನ ಪದಾರ್ಥ, ತನ್ನ ತಪ್ಪು ಎಂದು ಅವನು ಹೇಳಿದ. ಅದನ್ನು ಯಾರು ಓದುತ್ತಾರೆ ಎಂದು ಅವಳು ಕೇಳಿದಳು. ಬಹುಶಃ ಯಾರೂ ಇಲ್ಲ ಎಂದು ಅವನು ಒಪ್ಪಿಕೊಂಡ. “ಆದ್ರೂ ಕಳಿಸು,” ಎಂದಳು. ಆಮೇಲೆ ಮೊಳೆಗೆ ನೇತುಹಾಕಿದ್ದ ಬಟ್ಟೆಯನ್ನು ತೆಗೆದು ಅವನ ಕೈಗೆ ಕೊಟ್ಟು ನಲ್ಲಿ ಬಿಟ್ಟಳು. ಅದು ಕ್ಷಮೆಯಲ್ಲ ಎಂದು ಅವನಿಗೆ ತಿಳಿದಿತ್ತು. ಬಟ್ಟಲುಗಳಿದ್ದವು, ಒರಸುವವರು ಬೇಕಿತ್ತು. ಅವಳು ತೊಳೆದು ಕೊಟ್ಟದ್ದನ್ನೆಲ್ಲ ಅವನು ಒರಸಿ ಜೋಡಿಸಿದ. ಕೊನೆಯ ಬಟ್ಟಲನ್ನು ಕೊಡುವಾಗ ಅವಳು ಕೇಳಿದಳು: “ಎಷ್ಟು ಅಂದೆ ಅವನ ಅಂಕಿ?”

“ನೂರ ಎಂಬತ್ತೇಳು.”

ಅವಳು ಒಮ್ಮೆ ತನ್ನಷ್ಟಕ್ಕೆ ಅಂದುಕೊಂಡಳು, ಮನೆ ನಂಬರನ್ನು ನೆನಪಿಟ್ಟುಕೊಳ್ಳುವವರಂತೆ. ತೋಳು ಇಳಿಸಿ ಗುಂಡಿ ಹಾಕಿಕೊಂಡು ಜನರ ನಡುವೆ ಹೋದಳು.

ಹಬರ್ಟ್ ಚಾಪೆಲ್ಲಿನ ಒಳಕ್ಕೆ ಬಂದ. ಈಗ ಅದು ಖಾಲಿ. ಹೂಗಳೆಲ್ಲ ಸಮಾಧಿಗೆ ಹೋಗಿದ್ದವು, ಕಿಟಕಿಯಲ್ಲಿ ಮಧ್ಯಾಹ್ನದ ಕೊನೆಯ ಬೆಳಕಿತ್ತು. ಎಪ್ಪತ್ತು ವರ್ಷ ಭಾನುವಾರ ತಪ್ಪಿಸದೆ ಚಾಪೆಲ್ಲಿಗೆ ಹೋದವನು ಅವನು, ಎಲ್ಲ ಪ್ರಾರ್ಥನೆಗಳಲ್ಲೂ ತುಟಿ ಆಡಿಸಿದವನು. ಅವನ ಜನ ಸತ್ತವರಿಗಾಗಿ ಬೇಡುವುದು ಕಡಿಮೆ. ಸತ್ತವರು ದೇವರ ಕೈ ಸೇರಿಯಾಯಿತು, ಬೇಡಬೇಕಾದದ್ದು ಇದ್ದವರಿಗಾಗಿ ಎಂದು ಅವರ ನಂಬಿಕೆ. ಅವನು ಮೊದಲ ಸಾಲಿನಲ್ಲಿ, ಎನಿಡ್ ಕೂತಿದ್ದ ಜಾಗ ಬಿಟ್ಟು ಅದರ ಪಕ್ಕದಲ್ಲಿ ಮೊಣಕಾಲೂರಿದ. ತನಗಾಗಿ ಬೇಡಲು ಬಾಯಿ ಬರಲಿಲ್ಲ. ಬೆರಳುಗಳನ್ನು ಒಳಕ್ಕೆ ಮಡಚಿಕೊಂಡ. ಆಮೇಲೆ ಬಿಡಿಸಿ, ಅಂಗೈ ತೆರೆದು, ಯಾವ ಪುಸ್ತಕದಲ್ಲೂ ಇಲ್ಲದ ಮಾತುಗಳಲ್ಲಿ ಬೇಡಿದ.

ಸ್ವಾಮಿ, ನಿನ್ನ ಸೇವಕ ಸೆಡ್ರಿಕ್ ನಿನ್ನ ಬಾಗಿಲಿಗೆ ಬಂದಿದ್ದಾನೆ. ತನ್ನ ಕಣ್ಣು ಸರಿಯಿಲ್ಲ ಎಂದು ನಂಬಿಕೊಂಡು ಬಂದಿದ್ದಾನೆ. ಹಾಗೆ ನಂಬಿಸಿದವನು ನಾನು. ಅವನು ತಾನಾಗಿ ಕೇಳುವವನಲ್ಲ, ಒಂದು ಮೆಟ್ಟಿಲು ಕೆಳಗೆ ನಿಂತು ನಿನ್ನ ಮುಖ ನೋಡುತ್ತಿರುತ್ತಾನೆ. ನಾನು ಹೇಳದೆ ಉಳಿಸಿದ್ದನ್ನು ನೀನೇ ಅವನಿಗೆ ಹೇಳು. ಅವನ ಕಣ್ಣು ಸರಿಯಾಗಿತ್ತು ಎಂದು ಹೇಳು. ಅವನನ್ನು ಹೊರಗಿನ ಚಳಿಯಲ್ಲಿ ನಿಲ್ಲಿಸಬೇಡ, ಒಳಕ್ಕೆ ಕರೆದುಕೋ. ಅವನ ಆತ್ಮಕ್ಕೆ ಶಾಂತಿ ಕೊಡು. ಆಮೆನ್.